‘ಊರೀಯನ ಹೆಂಡತಿ’ ಎಂಬ ಎರಡು ಪದ

ನದೀಮೂಲ, ಋಷಿಮೂಲಗಳನ್ನು ಹುಡುಕಬಾರದು ಎಂಬುದು ನಮ್ಮಲ್ಲಿ ಹಳೆಯ ಮಾತು. ಹುಡುಕಿದರೆ ಏನು ಸಿಗುವುದೋ ಎಂಬ ಅಂಜಿಕೆಯೂ, ಸಿಕ್ಕಿದ್ದರಿಂದ ಈಗಿನ ಗೌರವಕ್ಕೆ ಕುಂದು ಬಾರದಿರಲಿ ಎಂಬ ದಾಕ್ಷಿಣ್ಯವೂ ಅದರಲ್ಲಿವೆ. ಸಂತ ಮತ್ತಾಯನು ಮಾತ್ರ ತನ್ನ ಶುಭಸಂದೇಶವನ್ನು ಮೂಲದಿಂದಲೇ ಆರಂಭಿಸುತ್ತಾನೆ. ಕಥೋಲಿಕ ಸಭೆಯಲ್ಲಿ ಪ್ರತಿ ವರ್ಷ ಡಿಸೆಂಬರ್ 17ರಂದು, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಕೊನೆಯ ದಿನಗಳು ಶುರುವಾಗುವಾಗ, ಯೇಸುವಿನ ವಂಶಾವಳಿಯನ್ನು ಹೇಳುವ ಮೊದಲ ಅಧ್ಯಾಯದ ಆ 17 ವಚನಗಳನ್ನು ಓದಲಾಗುತ್ತದೆ. ಓದುವ ಗುರುಗಳು ಹೆಸರುಗಳ ನಡುವೆ ಎಡವುತ್ತಾರೆ, ಕೇಳುವ ನಾವು ಆಕಳಿಸುತ್ತೇವೆ. ಬಹಳ ವರ್ಷ ನಾನೂ ಆಕಳಿಸಿದವನೇ.

ಈ ವರ್ಷ ಆ ಪಟ್ಟಿಯನ್ನು ಕುಳಿತು ಓದಲು ಕಾರಣ ನಮ್ಮ ಚಿಕ್ಕಪ್ಪನ ಮಗ. ಕ್ರಿಸ್ಮಸ್‌ಗೆ ಮನೆಯವರೆಲ್ಲ ಸೇರುವ ದಿನ ನಮ್ಮ ವಂಶವೃಕ್ಷವನ್ನು ಫ್ಲೆಕ್ಸ್ ಮಾಡಿಸಿ ಅಂಗಳದಲ್ಲಿ ಕಟ್ಟಬೇಕೆಂದು ಅವನ ಆಸೆ. ವಾಟ್ಸಾಪ್‌ನಲ್ಲಿ ಕಳುಹಿಸಿದ ಕರಡಿನಲ್ಲಿ ತಾತನ ಅಣ್ಣನ ಹೆಸರು ಇರಲಿಲ್ಲ. ಮರೆತದ್ದಲ್ಲ, ಬಿಟ್ಟದ್ದು. ವಿಧವೆಯಾದ ನಾದಿನಿಯ ಪಾಲಿನ ಜಮೀನನ್ನು ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಮಾರಿ ಕುಡಿದವರು ಅವರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. “ಹಬ್ಬದ ದಿನ ಅದೆಲ್ಲ ಯಾಕಣ್ಣ?” ಎಂದು ಅವನು ಕೇಳಿದ. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಬೇಡದವರನ್ನು ಬಿಡುವುದು ಮತ್ತಾಯನಿಗೂ ಗೊತ್ತಿತ್ತು. ಅಬ್ರಹಾಮನಿಂದ ದಾವೀದನವರೆಗೆ 14, ಅಲ್ಲಿಂದ ಬಾಬಿಲೋನಿನ ಸೆರೆಯವರೆಗೆ 14, ಅಲ್ಲಿಂದ ಕ್ರಿಸ್ತನವರೆಗೆ 14 ತಲೆಮಾರು ಎಂಬ ಲೆಕ್ಕ ಕೂಡಿಸುವಾಗ ಯೋರಾಮನಿಗೂ ಉಜ್ಜೀಯನಿಗೂ ನಡುವಿನ ಮೂವರು ಅರಸರಾದ ಅಹಜ್ಯ, ಯೋವಾಷ, ಅಮಚ್ಯರನ್ನು ಅವನು ದಾಟಿಹೋಗಿದ್ದಾನೆ. ಅಂದರೆ ಇದು ಕೈಗೆ ಸಿಕ್ಕ ದಾಖಲೆಯ ನಕಲಲ್ಲ, ಆರಿಸಿ ಬರೆದ ಪಟ್ಟಿ. ಹಾಗಿದ್ದೂ, ಸಾಮಾನ್ಯವಾಗಿ ಹೆಂಗಸರ ಹೆಸರು ಬಾರದ ಇಂಥ ವಂಶಾವಳಿಯಲ್ಲಿ ಮರಿಯಳಿಗೆ ಮೊದಲು ನಾಲ್ವರು ಸ್ತ್ರೀಯರನ್ನು ಅವನು ಬೇಕೆಂದೇ ತಂದಿದ್ದಾನೆ.

ಈ ನಾಲ್ವರನ್ನು ‘ಪಾಪಿಗಳಾದರೂ ಕೃಪೆ ಪಡೆದ ಸ್ತ್ರೀಯರು’ ಎಂದು ವರ್ಣಿಸುವ ಪ್ರಬೋಧನೆಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ರೂತಳ ಕಥೆಯಲ್ಲಿ ಹುಡುಕಿದರೂ ಪಾಪ ಸಿಗದು. ಆಕೆ ಮೋವಾಬಿನವಳು, ಹತ್ತನೆಯ ತಲೆಮಾರಿನವರೆಗೂ ಸಭೆಗೆ ಸೇರಿಸಬಾರದೆಂದು ಬೈಬಲಿನ ಧರ್ಮೋಪದೇಶಕಾಂಡ ಹೇಳುವ ಜನಾಂಗದವಳು, ಅಷ್ಟೇ. ಜೆರಿಕೋವಿನ ರಾಹಾಬಳು ವೇಶ್ಯೆಯಾಗಿದ್ದಳು, ನಿಜ. ಆದರೆ ಹಿಬ್ರಿಯರ ಪತ್ರದ ಹನ್ನೊಂದನೆಯ ಅಧ್ಯಾಯ ಅವಳನ್ನು ಅಬ್ರಹಾಮ, ಮೋಶೆಯರ ಸಾಲಿನಲ್ಲೇ, ವಿಶ್ವಾಸಕ್ಕಾಗಿ ನೆನೆಯುತ್ತದೆ. ಇನ್ನು ತಾಮಾರಳು. ಒಬ್ಬನ ನಂತರ ಒಬ್ಬನಾಗಿ ಅವಳನ್ನು ಮದುವೆಯಾದ ಇಬ್ಬರು ಗಂಡುಮಕ್ಕಳು ತೀರಿಹೋದ ಮೇಲೆ ಮೂರನೆಯವನನ್ನು ಸೊಸೆಗೆ ಕೊಡುತ್ತೇನೆಂದು ಹೇಳಿ ತವರಿಗೆ ಅಟ್ಟಿ ಮರೆತವನು ಮಾವ ಯೂದ. ದಾರಿಬದಿಯಲ್ಲಿ ಮುಸುಕು ಹಾಕಿ ಕುಳಿತಿದ್ದವಳು ಯಾರೆಂದು ತಿಳಿಯದೆ ಅವಳ ಬಳಿಗೆ ಹೋದವನೂ ಅವನೇ, ಸೊಸೆ ಬಸುರಿಯೆಂದು ಕೇಳಿದಾಗ ಸುಟ್ಟುಬಿಡಿ ಎಂದವನೂ ಅವನೇ. ಅವಳು ಅವನದೇ ಮುದ್ರೆ, ದಾರ, ಕೋಲುಗಳನ್ನು ಮುಂದಿಟ್ಟಾಗ ಅವನ ಬಾಯಿಂದ ಬಂದ ಮಾತು, ಅವಳು ನನಗಿಂತ ನೀತಿವಂತಳು ಎಂಬುದು. ಯೂದನ ಬದುಕಿನಲ್ಲಿ ಕೃಪೆ ಎಲ್ಲಿ ಒಳಹೊಕ್ಕಿತು ಎಂದು ಯಾರಾದರೂ ಕೇಳಿದರೆ ನಾನು ಈ ಮಾತನ್ನೇ ತೋರಿಸುತ್ತೇನೆ.

ನಾಲ್ಕನೆಯವಳ ಹೆಸರನ್ನು ಮತ್ತಾಯನು ಬರೆಯುವುದೇ ಇಲ್ಲ. ದಾವೀದನು ಸೊಲೊಮೋನನನ್ನು ಪಡೆದದ್ದು ‘ಊರೀಯನ ಹೆಂಡತಿ’ಯಲ್ಲಿ ಎನ್ನುತ್ತಾನೆ. ತನ್ನ ಯೋಧ ಊರೀಯನು ಯುದ್ಧಕ್ಕೆ ಹೋಗಿದ್ದಾಗ ಅವನ ಹೆಂಡತಿ ಬತ್ಷೆಬೆಯನ್ನು ಅರಸ ದಾವೀದನು ಕರೆಸಿ ಕೂಡಿದ, ಅವಳು ಬಸುರಿಯಾದಾಗ ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿ ಅವಳನ್ನು ಮದುವೆಯಾದ. ಬತ್ಷೆಬೆಯ ಹೆಸರು ಅಳಿಸಿಹೋದದ್ದು ಅನ್ಯಾಯವೆಂದು ಮೊದಲು ನನಗೆ ಅನಿಸಿತ್ತು, ಈಗಲೂ ಸ್ವಲ್ಪ ಹಾಗೆ ಅನಿಸುತ್ತದೆ. ಆದರೆ ಆ ಎರಡು ಪದಗಳು ಮಾಡುವ ಕೆಲಸವೇ ಬೇರೆ. ಊರೀಯನು ಹಿತ್ತಿಯನು, ಪರಕೀಯ. ದಾವೀದನ 37 ಮಂದಿ ಶೂರರ ಪಟ್ಟಿಯಲ್ಲಿ ಕೊನೆಯ ಹೆಸರು ಅವನದು. ಜೊತೆಯವರು ಬಯಲಿನಲ್ಲಿ ಮಲಗಿರುವಾಗ ತಾನು ಮನೆಗೆ ಹೋಗಿ ಹೆಂಡತಿಯೊಡನೆ ಇರಲಾರೆ ಎಂದು ಅರಮನೆಯ ಬಾಗಿಲಲ್ಲೇ ಮಲಗಿದವನು, ತನ್ನ ಸಾವಿನ ಆಜ್ಞೆ ಇರುವ ಪತ್ರವನ್ನು ತಾನೇ ಹೊತ್ತು ಸೇನಾಪತಿಗೆ ತಲುಪಿಸಿದವನು. ದಾವೀದನು ಪ್ರವಾದಿ ನಾತಾನನ ಮುಂದೆ ತಪ್ಪೊಪ್ಪಿಕೊಂಡ, ಕ್ಷಮೆಯೂ ಸಿಕ್ಕಿತು, ಅವನ ಪಶ್ಚಾತ್ತಾಪದ ಹಾಡೆನ್ನುವ 51ನೆಯ ಕೀರ್ತನೆಯನ್ನು ನಾವು ಇಂದಿಗೂ ತಪಸ್ಸುಕಾಲದಲ್ಲಿ ಹಾಡುತ್ತೇವೆ. ಆದರೂ ಸಾವಿರ ವರ್ಷದಷ್ಟು ಕಾಲ ಕಳೆದ ಮೇಲೆ ಮೆಸ್ಸೀಯನ ವಂಶಾವಳಿ ಬರೆಯುವವನು ಕೊಲೆಯಾದವನ ಹೆಸರನ್ನು ಅದರೊಳಗೆ ಇಟ್ಟಿದ್ದಾನೆ. ಯೇಸುವಿನ ಪೂರ್ವಜನಲ್ಲದ ಊರೀಯನು, ಆ ವಂಶದ ಅಪರಾಧಕ್ಕೆ ಬಲಿಯಾದವನು ಎಂಬ ಕಾರಣದಿಂದಲೇ, ಆ ಪಟ್ಟಿಗೆ ಸೇರಿದ್ದಾನೆ.

ದೇವರು ಕ್ಷಮಿಸಿದ ಮೇಲೆ ಹಳೆಯದನ್ನು ಕೆದಕಬಾರದು ಎನ್ನುವವರ ಮುಂದೆ ನಾನು ಇದನ್ನೇ ಇಡುತ್ತೇನೆ. ಅದೇ ಪಟ್ಟಿಯಲ್ಲಿ ಬರುವ ಅರಸ ಮನಸ್ಸೆಯ ವಿಷಯದಲ್ಲಿಯೂ ಹೀಗೆಯೇ. 55 ವರ್ಷ ಆಳಿ, ಮಗನನ್ನು ಬೆಂಕಿಗೆ ಒಪ್ಪಿಸಿ, ಜೆರುಸಲೇಮನ್ನು ನಿರಪರಾಧಿಗಳ ರಕ್ತದಿಂದ ತುಂಬಿಸಿದ ಅರಸನು ಸೆರೆಯಲ್ಲಿ ದೇವರಿಗೆ ಮೊರೆಯಿಟ್ಟು ಬದಲಾದನೆಂದು ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕ ಹೇಳುತ್ತದೆ. ಆ ರಕ್ತವನ್ನು ಪ್ರಭು ಕ್ಷಮಿಸಲು ಒಪ್ಪಲಿಲ್ಲವೆಂದು ಅರಸುಗಳ ಎರಡನೆಯ ಪುಸ್ತಕ ಹೇಳುತ್ತದೆ. ಬೈಬಲು ಎರಡನ್ನೂ ಉಳಿಸಿಕೊಂಡಿದೆ. ವಿಶ್ವಾಸಿಯಾಗಿ ನನಗೆ ಮೊದಲನೆಯದು ಬೇಕು. ಆದರೆ ಸತ್ತವರ ಮಕ್ಕಳಿಗೆ ಎರಡನೆಯದೂ ಬೇಕಾಗಿತ್ತು ಎಂಬುದನ್ನು ಅಲ್ಲಗಳೆಯಲಾರೆ.

ಪಟ್ಟಿಯ ತುದಿಯಲ್ಲಿ ಮಾತು ಇದ್ದಕ್ಕಿದ್ದಂತೆ ತಿರುಗುತ್ತದೆ. ಇಂಥವನು ಇಂಥವನನ್ನು ಪಡೆದನು ಎಂದು ಸಾಗಿಬಂದ ವಾಕ್ಯ ಜೋಸೆಫನ ಬಳಿ ನಿಂತು, ಯೇಸು ಹುಟ್ಟಿದ್ದು ಅವನ ಹೆಂಡತಿ ಮರಿಯಳಲ್ಲಿ ಎನ್ನುತ್ತದೆ. ಇಷ್ಟು ಕಷ್ಟಪಟ್ಟು ತಂದ ರಕ್ತಸಂಬಂಧ ಕೊನೆಯ ಕೊಂಡಿಯಲ್ಲಿ ಇಲ್ಲ. ಮಗುವಿಗೆ ಹೆಸರಿಟ್ಟು ತನ್ನದೆಂದು ಒಪ್ಪಿಕೊಂಡ ಬಡಗಿಯ ಮೂಲಕವೇ ಯೂದನೂ ದಾವೀದನೂ ಮನಸ್ಸೆಯೂ ಯೇಸುವಿನ ಹಿರಿಯರಾದರು. ಅವರು ಅವನಿಗೆ ಅಂಟಿಕೊಂಡು ಬಂದವರಲ್ಲ, ಅವನು ಒಪ್ಪಿ ತನ್ನವರೆಂದುಕೊಂಡವರು. ಅಬ್ರಹಾಮನು ನಮ್ಮ ಮೂಲಪುರುಷನೆಂದು ಬೀಗಬೇಡಿ, ದೇವರು ಈ ಕಲ್ಲುಗಳಿಂದಲೂ ಅವನಿಗೆ ಮಕ್ಕಳನ್ನು ಹುಟ್ಟಿಸಬಲ್ಲನು ಎಂದು ಸ್ನಾನಿಕ ಯೊವಾನ್ನನು ಗದರುವುದು ಇದೇ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ.

ನಿನ್ನೆ ರಾತ್ರಿ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ, ತಾತನ ಅಣ್ಣನ ಹೆಸರನ್ನು ಸೇರಿಸು ಎಂದೆ. ಹೆಬ್ಬೆಟ್ಟು ಒತ್ತಿದ ಆ ಅಜ್ಜಿಯ ಹೆಸರನ್ನೂ ಸೇರಿಸು ಎಂದೆ. ಆಕೆಗೆ ಮಕ್ಕಳಿರಲಿಲ್ಲವಾದ್ದರಿಂದ ಮರದಲ್ಲಿ ಅವರಿಗೆ ಕೊಂಬೆ ಎಲ್ಲಿಂದ ಎಳೆಯುವುದು ಎಂದು ಅವನು ಕೇಳಿದ; ಆಮೇಲೆ ಆಕೆಯ ಹೆಸರೇನು ಎಂದು ಕೇಳಿದ. ನನಗೂ ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ ಅವರನ್ನು ಚಿಕ್ಕಜ್ಜಿ ಎಂದೇ ಕರೆಯುತ್ತಿದ್ದರು. ಚರ್ಚಿನ ಹಳೆಯ ಜ್ಞಾನಸ್ನಾನದ ರಿಜಿಸ್ಟರ್ ನೋಡಲು ಶನಿವಾರ ಊರಿಗೆ ಹೊರಟಿದ್ದೇನೆ.