ಹೊಗೆಯೋ ಮಂಜೋ?

ಈಗಿನ ಹುಡುಗರಿಗೆ ತತ್ವಶಾಸ್ತ್ರ ತಲೆಗೆ ಹೋಗುವುದಿಲ್ಲ ಅಂತ ಬರೆದಿದ್ದೀರಿ. ಪೂರ್ತಿ ಒಪ್ಪಲಾರೆ ಸರ್. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿಎ ತರಗತಿಗೆ ಪಾಠ ಮಾಡುತ್ತೇನೆ. ಭಾರತೀಯ ತರ್ಕದ ಪರಂಪರೆಯಾದ ನ್ಯಾಯ ದರ್ಶನದ ‘ಅನುಮಾನ’ ಶುರು ಮಾಡಿದೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವುದು. ಬೆಟ್ಟದಲ್ಲಿ ಹೊಗೆ ಇದೆ, ಹಾಗಾಗಿ ಬೆಂಕಿ ಇದೆ, ಅಡುಗೆಮನೆಯಲ್ಲಿ ನೋಡಿದ ಹಾಗೆ. ಎಲ್ಲರಿಗೂ ಆಕಳಿಕೆ! (ಮಧ್ಯಾಹ್ನ ಊಟದ ನಂತರದ ಪೀರಿಯಡ್ ಬೇರೆ.) ಸುಮ್ನೆ ಕೇಳಿದೆ, ‘ಡಿಸೆಂಬರ್ ಬೆಳಗ್ಗೆ ನಂದಿ ಬೆಟ್ಟದಲ್ಲಿ ಕಾಣುವುದು ಹೊಗೆಯೋ ಮಂಜೋ?’ ಹಿಂದಿನ ಬೆಂಚಿನವಳು ಎದ್ದಳು. ‘ಮಂಜನ್ನೇ ಹೊಗೆ ಅಂದುಕೊಂಡು ಹೋದಾಗ ಅಲ್ಲಿ ನಿಜವಾಗಲೂ ಬೆಂಕಿ ಇದ್ದುಬಿಟ್ಟರೆ? ಅದು ಗೊತ್ತಿತ್ತು ಅಂತಾನಾ ಸರ್, ಇಲ್ಲ ಲಕ್ ಅಂತಾನಾ?’ 1963ರಲ್ಲಿ ಅಮೆರಿಕದ ತತ್ವಜ್ಞಾನಿ ಎಡ್ಮಂಡ್ ಗೆಟಿಯರ್ ಮೂರೇ ಪುಟದ ಲೇಖನದಲ್ಲಿ ಎತ್ತಿದ್ದು ಇಂಥದ್ದೇ ಪ್ರಶ್ನೆ ಅಲ್ವಾ! ಅವಳು ಆ ಹೆಸರೇ ಕೇಳಿರಲಿಲ್ಲ. ಬೆಲ್ ಹೊಡೆದರೂ ಜಗಳ ನಿಲ್ಲಲಿಲ್ಲ. ಆದರೆ ಪರೀಕ್ಷೆಗೆ ಮಾತ್ರ ಮತ್ತೆ ಅದೇ ನೋಟ್ಸ್ ಕೇಳಿದರು.