ಪುಕ್ಕಟೆ ಕರೆಂಟಿಗೆ ಎರಡು ಲಕ್ಷ

ಕನ್ನಡಿಗರಿಗೆ ಪುಕ್ಕಟೆ ಕರೆಂಟ್ ಕೊಡಲು ಎರಡು ಸರ್ಕಾರಗಳು ಪೈಪೋಟಿಗೆ ಬಿದ್ದಿವೆ. ರಾಜ್ಯದ್ದು ಗೃಹಜ್ಯೋತಿ, 2023ರಿಂದ, ತಿಂಗಳಿಗೆ 200 ಯೂನಿಟ್‌ವರೆಗೆ. ಕೇಂದ್ರದ್ದು ಪಿಎಂ ಸೂರ್ಯ ಘರ್, 2024ರಿಂದ, 300 ಯೂನಿಟ್‌ವರೆಗೆ. ಯೋಜನೆಯ ಪೂರ್ತಿ ಹೆಸರಿನಲ್ಲೇ ‘ಮುಫ್ತ್ ಬಿಜ್ಲಿ’ ಅಂತಿದೆ, ಅಂದರೆ ಬಿಟ್ಟಿ ಕರೆಂಟ್. ವ್ಯತ್ಯಾಸ ಚಿಕ್ಕದು. ಮೊದಲನೆಯದಕ್ಕೆ ಹೆಸರು ಬರೆಸಿ ಸುಮ್ನೆ ಕೂತರೆ ಸಾಕು. ಎರಡನೆಯದಕ್ಕೆ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಲು ಸುಮಾರು ಎರಡು ಲಕ್ಷ ಹೊಂದಿಸಬೇಕು.

ಸಬ್ಸಿಡಿ ಇದೆ, ಇಲ್ಲ ಅಂತಲ್ಲ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅಲ್ಲಿಗೆ ಮುಗೀತು. ಹತ್ತು ಕಿಲೋವ್ಯಾಟ್ ಹಾಕಿಸಿದರೂ ಅದೇ 78,000. ಅದೂ ಪ್ಯಾನೆಲ್ ಕೂರಿಸಿ, ಮೀಟರ್ ಬದಲಾಗಿ, ಎಲ್ಲಾ ಚಾಲೂ ಆದ ಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. ಅಷ್ಟರವರೆಗೆ ಸಾಲ ಮಾಡಿ, ಅದಕ್ಕೆಂದೇ ಕಮ್ಮಿ ಬಡ್ಡಿಯ ಲೋನ್ ಇದೆ.

ತುಮಕೂರಿನಲ್ಲಿರುವ ನಮ್ಮ ಮಾವನವರಿಗೆ ಇದನ್ನೆಲ್ಲಾ ಉತ್ಸಾಹದಿಂದ ವಿವರಿಸಿದೆ. ಸ್ವಂತ ಮನೆ, ದೊಡ್ಡ ತಾರಸಿ, ತಿಂಗಳಿಗೆ ಖರ್ಚಾಗೋದು ಹೆಚ್ಚೆಂದರೆ 80 ಯೂನಿಟ್.

‘ಈಗ ಬಿಲ್ ಸೊನ್ನೆ ಬರ್ತಿದೆ. ಎರಡು ಲಕ್ಷ ಹಾಕಿದ ಮೇಲೆ ಎಷ್ಟು ಬರುತ್ತೆ?’ ಅಂದರು.

‘ಸೊನ್ನೆ, ಮಾವ.’

‘ಮತ್ತೆ?’

ಸೋಲಾರ್ ಮಾರುವ ಹುಡುಗ ‘ಐದು ವರ್ಷಕ್ಕೆ ಅಸಲು ವಾಪಸ್ ಸಾರ್’ ಎಂದು ಹಾಳೆಯ ಮೇಲೆ ಲೆಕ್ಕ ಬರೆದುಕೊಟ್ಟಿದ್ದ. ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದೆ.

ಗೃಹಜ್ಯೋತಿಯ ಲೆಕ್ಕವೂ ಚೆನ್ನಾಗಿದೆ. 2022-23ರಲ್ಲಿ ಸರಾಸರಿ ಎಷ್ಟು ಉರಿಸಿದ್ದಿರೋ ಅದಕ್ಕೆ ಶೇ 10 ಸೇರಿಸಿ ನಿಮ್ಮ ಪಾಲು ಗೊತ್ತು ಮಾಡಿದರು. ಅಂದರೆ ಆ ವರ್ಷ ಒಂದೇ ಬಲ್ಬಿನಡಿ ಮನೆಮಂದಿಯೆಲ್ಲಾ ಕೂತು ಉಳಿಸಿದವರಿಗೆ ಕಮ್ಮಿ, ಗೀಸರ್ ಹಾಕಿ ಮರೆತು ಹೋದವರಿಗೆ ಜಾಸ್ತಿ. ಇನ್ನು 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಏಪ್ರಿಲ್ ಬಂತೆಂದರೆ ರೀಡಿಂಗಿಗೆ ವಾರ ಇರುವಾಗ ನನ್ನ ಹೆಂಡತಿ ಟಾರ್ಚ್ ಹಿಡಿದು ಮೀಟರ್ ನೋಡಿ ಬರುತ್ತಾಳೆ. ಹೋದ ಬೇಸಿಗೆಯಲ್ಲಿ 203 ಬಂತು. ಆ ಮೂರು ಯೂನಿಟ್ ಯಾರದ್ದು ಎಂಬ ವಿಚಾರಣೆ ಮನೆಯಲ್ಲಿ ಇನ್ನೂ ಮುಗಿದಿಲ್ಲ, ಸದ್ಯಕ್ಕೆ ಅನುಮಾನ ನನ್ನ ಮೇಲಿದೆ.

ಒಂದು ಕಾಲದಲ್ಲಿ ಈ ರಾಜ್ಯದಲ್ಲಿ ತಾರಸಿ ಅಂದರೆ ಬಂಗಾರ. ವಿದ್ಯುತ್ ನಿಯಂತ್ರಣ ಆಯೋಗ 2013ರಲ್ಲಿ, ಸಬ್ಸಿಡಿ ಪಡೆಯದವರು ತಾರಸಿಯಿಂದ ಲೈನಿಗೆ ಮಾರುವ ಸೋಲಾರ್ ಕರೆಂಟಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತ್ತು. 2016ರಲ್ಲಿ ದರ ಇಳಿಸಿದರು, ಇಳಿಸುತ್ತಲೇ ಬಂದರು. ಈಗ ನೀವು ಮಾರುವ ಕರೆಂಟಿಗೆ ಅದರ ಅರ್ಧವೂ ಸಿಗೋದಿಲ್ಲ. ಸೂರ್ಯ ಅದೇ, ಬಿಸಿಲು ಇನ್ನೂ ಜಾಸ್ತಿ.

ನಮ್ಮ ಎದುರು ಮನೆಯವರು ಇದ್ಯಾವುದಕ್ಕೂ ಜಗ್ಗದೆ ಪ್ಯಾನೆಲ್ ಹಾಕಿಸಿದರು. ಒಂದು ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ನೋಡಿದರೆ ಅವರು ವರಾಂಡದಲ್ಲಿ ಕೂತು ಮದುವೆ ಕಾರ್ಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾರೆ, ತಲೆಯ ಮೇಲೆ ಮೂರು ಕಿಲೋವ್ಯಾಟ್ ಥಳಥಳ ಹೊಳೆಯುತ್ತಿದೆ. ಲೈನ್ ಸತ್ತರೆ, ಪ್ಯಾನೆಲ್ಲಿನ ಕರೆಂಟನ್ನು ಮನೆಗೂ ಲೈನಿಗೂ ಕೊಡುವ ಇನ್ವರ್ಟರೂ ತಾನಾಗೇ ನಿಲ್ಲುತ್ತದೆ. ಇಲ್ಲದಿದ್ದರೆ ನಮ್ಮ ಕರೆಂಟು ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತದೆ. ಕಾರಣ ನ್ಯಾಯವಾದದ್ದೇ, ಬ್ಯಾಟರಿ ಬೇಕಿದ್ದರೆ ಬೇರೆ ದುಡ್ಡು. ಆದರೆ ಹಾಳೆಯಲ್ಲಿ ಲೆಕ್ಕ ಬರೆದ ಹುಡುಗ ಇದನ್ನು ಮಾತ್ರ ಬರೆದಿರಲಿಲ್ಲ.

ಫ್ಲ್ಯಾಟಿನವರಿಗೆ ಸ್ವಂತ ತಾರಸಿಯೇ ಇಲ್ಲವಲ್ಲ? ನಮಗೂ ದಾರಿ ಇದೆ. ಲಿಫ್ಟು, ಮೋಟಾರು, ಮೆಟ್ಟಿಲ ದೀಪದಂಥ ಎಲ್ಲರ ಬಳಕೆಯ ಕರೆಂಟಿಗೆ ಸಂಘದ ಹೆಸರಲ್ಲಿ ಪ್ಯಾನೆಲ್ ಹಾಕಿಸಿದರೆ ಕಿಲೋವ್ಯಾಟಿಗೆ 18,000 ಕೊಡುತ್ತಾರೆ. ಇದಕ್ಕೇ ಭಾನುವಾರ ಸಭೆ ಕರೆದೆವು. ನೆಲಮಹಡಿಯವರು ‘ನಾವು ಲಿಫ್ಟೇ ಹತ್ತಲ್ಲ, ದುಡ್ಡು ಯಾಕೆ ಕೊಡಬೇಕು?’ ಅಂದರು. ಮೇಲಿನ ಮಹಡಿಯವರು ‘ನಮ್ಮ ತಲೆ ಮೇಲೆ ಡ್ರಿಲ್ ಮಾಡ್ತೀರಿ, ಸೋರಿದರೆ ಯಾರು ಹೊಣೆ?’ ಅಂದರು. ದೆಹಲಿಯಲ್ಲಿ 2019ರಿಂದಲೇ ವರ್ಚುವಲ್ ನೆಟ್ ಮೀಟರಿಂಗಿಗೆ ನಿಯಮ ಇದೆ, ಒಂದೇ ಕಡೆ ಪ್ಯಾನೆಲ್ ಹಾಕಿ ಹುಟ್ಟಿದ ಯೂನಿಟ್‌ಗಳನ್ನು ಹತ್ತಾರು ಮನೆಗಳ ಬಿಲ್ಲಿಗೆ ಹಂಚಬಹುದು ಎಂದು ನಾನು ಬಾಯಿ ಬಿಟ್ಟೆ. ‘ವರ್ಚುವಲ್ ಅಂದ್ರೆ ಈ ಮೀಟಿಂಗೂ ಮನೇಲೇ ಕೂತು ಮಾಡಬಹುದಿತ್ತು ಅಲ್ವಾ?’ ಎಂದು ಖಜಾಂಚಿಗಳು ಗಡಿಯಾರ ನೋಡಿಕೊಂಡರು.

ಅಷ್ಟರಲ್ಲಿ ನಾಲ್ಕನೇ ಮಹಡಿಯ ಆಂಟಿ ಎದ್ದರು. ‘ಪ್ಯಾನೆಲ್ ಹಾಕಿದರೆ ಸಂಡಿಗೆ ಎಲ್ಲಿ ಒಣಗಿಸೋದು?’

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇಡೀ ಕಟ್ಟಡದಲ್ಲಿ ಬಿಸಿಲನ್ನು ನೆಟ್ಟಗೆ ಬಳಸುತ್ತಿರುವುದು ಅವರೊಬ್ಬರೇ. ಸಬ್ಸಿಡಿ ಇಲ್ಲ, ಆರ್‌ಆರ್ ನಂಬರ್ ಇಲ್ಲ, ಕರೆಂಟ್ ಹೋದರೂ ಸಂಡಿಗೆ ಒಣಗುತ್ತದೆ. ಸಂಡಿಗೆ ಕಾಲ ಮುಗಿಯುವವರೆಗೆ ಟೆರೇಸಿನಲ್ಲಿ ಯಾವ ಕೆಲಸವೂ ಬೇಡ ಎಂದು ತೀರ್ಮಾನವಾಯಿತು. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ಕಾಫಿಯ ಜೊತೆ ಹೋದ ವರ್ಷದ ಸಂಡಿಗೆ ಕರಿದು ಕೊಟ್ಟಿದ್ದರು.