ಡೆಂಗಿ ಉಲ್ಬಣಿಸುವುದಕ್ಕೆ ನಮ್ಮ ಟಿ ಕೋಶಗಳೇ ಕಾರಣವೇ?

ಪರ: ಬೇಲಿಯೇ ಹೊಲ ಮೇಯ್ದಿದೆ

ಡೆಂಗಿ ರೋಗಿಗಳನ್ನು ನೋಡಿಕೊಳ್ಳುವ ವೈದ್ಯರಿಗೆ ಜ್ವರ ಏರಿದ ದಿನಕ್ಕಿಂತ ಇಳಿದ ದಿನವೇ ಹೆಚ್ಚು ಆತಂಕ. ನಾಲ್ಕೈದು ದಿನ ಕಾಡಿದ ಜ್ವರ ಬಿಟ್ಟಿತೆಂದು ಮನೆಯವರು ಗಂಜಿ ಕಾಯಿಸುವ ಹೊತ್ತಿಗೆ ಲೋಮನಾಳಗಳಿಂದ ಪ್ಲಾಸ್ಮಾ ಸೋರತೊಡಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ. (ನಮ್ಮಲ್ಲಿ ಎಲ್ಲರೂ ಕೇಳುವುದು ಪ್ಲೇಟ್‌ಲೆಟ್ ಎಷ್ಟು ಎಂದು, ಈ ಸೋರಿಕೆಯನ್ನು ವಿಚಾರಿಸುವವರಿಲ್ಲ.) ಆ ವೇಳೆಗೆ ರಕ್ತದಲ್ಲಿ ವೈರಸ್ ಇಳಿಮುಖವಾಗಿರುತ್ತದೆ. ವೈರಸ್ ಕಡಿಮೆಯಾದಾಗ ಕಾಯಿಲೆ ಹೆಚ್ಚುವುದಾದರೆ ಸಂಶಯ ದೇಹದ ರಕ್ಷಣಾ ಪಡೆಯ ಮೇಲೆಯೇ ಹೋಗಬೇಕು.

ಈ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ತಗಲಿದಾಗ ಅಪಾಯ ಹೆಚ್ಚು ಎಂಬುದನ್ನು ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ 1960ರ ದಶಕದಲ್ಲಿ ಬ್ಯಾಂಕಾಕ್‌ನ ಮಕ್ಕಳಲ್ಲಿ ಗುರುತಿಸಿದರು. ಅವರು ಬೆರಳು ತೋರಿದ್ದು ಪ್ರತಿಕಾಯಗಳ ಕಡೆಗೆ. ಆದರೆ ಅದೇ ರಕ್ಷಣಾ ಪಡೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೂ ನೆನಪಿದೆ, ಮತ್ತು ಆ ನೆನಪು ಹಟಮಾರಿ. ಸೋಂಕು ತಗಲಿದ ಕೋಶವು ವೈರಸ್ ಪ್ರೋಟೀನಿನ ಚೂರುಗಳನ್ನು ಎಚ್‌ಎಲ್‌ಎ ಎಂಬ (ಒಬ್ಬೊಬ್ಬರಲ್ಲಿ ಒಂದೊಂದು ಬಗೆಯ) ಅಣುಗಳಲ್ಲಿ ಹಿಡಿದು ಹೊರಗೆ ತೋರಿಸುತ್ತದೆ. ಸಿಡಿ8 ಟಿ ಕೋಶ ಅದನ್ನು ಗುರುತಿಸಿ ಆ ಕೋಶವನ್ನೇ ಕೊಲ್ಲಬೇಕು. ಎರಡನೆಯ ಬಗೆಯ ಚೂರಿನಲ್ಲಿ ಒಂದೆರಡು ಅಮೈನೊ ಆಮ್ಲಗಳು ಬೇರೆಯಾಗಿದ್ದರೂ ಹಿಡಿತ ಸಡಿಲವಾಗುತ್ತದೆ.

ರೋಗನಿರೋಧಕ ವಿಜ್ಞಾನಿ ಗೇವಿನ್ ಸ್ಕ್ರೀಟನ್ ಅವರ ತಂಡ 2003ರಲ್ಲಿ ಥಾಯ್ಲೆಂಡ್‌ನ ಮಕ್ಕಳಲ್ಲಿ ಕಂಡದ್ದು ಇದನ್ನೇ. ವೈರಸ್‌ನ ಎನ್‌ಎಸ್3 (ಹೊರಕವಚದ್ದಲ್ಲದ) ಪ್ರೋಟೀನಿನ ಒಂದು ಚೂರಿಗೆ ಸ್ಪಂದಿಸಿದ ಟಿ ಕೋಶಗಳಲ್ಲಿ ಅನೇಕವು ಎದುರಿಗಿದ್ದ ವೈರಸ್‌ಗಿಂತ ಹಿಂದೆ ಬಂದಿರಬಹುದಾದ ಬಗೆಗೇ ಗಟ್ಟಿಯಾಗಿ ಅಂಟಿಕೊಳ್ಳುತ್ತಿದ್ದವು. ಇನ್‌ಫ್ಲುಯೆಂಜಾದಲ್ಲಿ ಇಂಥದ್ದೇ ಗುಣವನ್ನು ಕಂಡ ಥಾಮಸ್ ಫ್ರಾನ್ಸಿಸ್ 1960ರಲ್ಲಿ ಅದಕ್ಕೆ ‘ಮೂಲ ಪಾಪ’ ಎಂದೇ ಹೆಸರಿಟ್ಟಿದ್ದರು. ಕೊಲ್ಲುವ ಕೆಲಸ ಅರ್ಧಂಬರ್ಧ, ಉರಿಯೂತ ಹೆಚ್ಚಿಸುವ ಸೈಟೊಕೈನ್‌ಗಳ ಸುರಿಮಳೆ ಮಾತ್ರ ಧಾರಾಳ: ರಕ್ತನಾಳಗಳ ಗೋಡೆ ಸಡಿಲವಾಗಲು ಇನ್ನೇನು ಬೇಕು?

ವಿರೋಧ: ದನ ನುಗ್ಗಿದ್ದು ಯಾವಾಗ?

ಬೇಲಿಯ ಮೇಲೆ ದೂರು ಹೊರಿಸುವ ಮೊದಲು ದನ ನುಗ್ಗಿದ ಹೊತ್ತನ್ನು ವಿಚಾರಿಸಬೇಕು. ವಿಯೆಟ್ನಾಂನ ಮಕ್ಕಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ಲಾಸ್ಮಾ ಸೋರಿಕೆ ಮೊದಲು ಶುರುವಾಗಿತ್ತು. ರಕ್ತದಲ್ಲಿ ಸಿಡಿ8 ಕೋಶಗಳ ಸಂಖ್ಯೆ ಉತ್ತುಂಗಕ್ಕೇರಿದ್ದು ಆಮೇಲೆ. ಇನ್ನು ಹಸುಗೂಸುಗಳ ಮಾತು. ಮೊದಲ ಸೋಂಕಿನಲ್ಲೇ ಅವುಗಳಿಗೆ ಡೆಂಗಿ ಉಲ್ಬಣಿಸುವುದುಂಟು. ತಾಯಿಯಿಂದ ಅವುಗಳಿಗೆ ಬಂದಿರುವುದು ಪ್ರತಿಕಾಯ; ಡೆಂಗಿಯನ್ನು ಕಂಡ ಟಿ ಕೋಶದ ನೆನಪು ಅವುಗಳಿಗಿಲ್ಲ. ಅಲ್ಲಿ ಯಾವ ‘ಮೂಲ ಪಾಪ’?

ಸೈಟೊಕೈನ್ ಸುರಿಮಳೆಯ ಆರೋಪವೂ ನಿಲ್ಲುವುದು ಕಷ್ಟ. ಭಾರತದ ರೋಗಿಗಳಲ್ಲಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಿಡಿ8 ಕೋಶಗಳು ವಿಪರೀತ ಹೆಚ್ಚಿದ್ದರೂ ಅವುಗಳಲ್ಲಿ ಇಂಟರ್‌ಫೆರಾನ್ ಗಾಮಾ ಎಂಬ ಸೈಟೊಕೈನನ್ನು ಉತ್ಪಾದಿಸಿದ್ದು ಒಂದು ಸಣ್ಣ ಪಾಲು ಮಾತ್ರ. ಇತ್ತ 2015ರಲ್ಲಿ ವೈರಸ್‌ನ ಎನ್‌ಎಸ್1 ಪ್ರೋಟೀನ್ ತಾನೇ ರಕ್ತನಾಳಗಳನ್ನು ಸೋರುವಂತೆ ಮಾಡಬಲ್ಲದೆಂದು ತೋರಿಸಲಾಯಿತು. ಟಿ ಕೋಶಗಳ ಹಂಗಿಲ್ಲದೆ ಸೋರಿಕೆಗೆ ಇದೊಂದು ದಾರಿ.

ನನಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿಯಾಗಿ ಕಾಣುವುದು ಕೊಲಂಬೊದ ರಕ್ತದಾನಿಗಳದು. ಅಮೆರಿಕದ ಲಾ ಹೋಯಾದ ವಿಜ್ಞಾನಿ ಅಲೆಸಾಂಡ್ರೊ ಸೆಟ್ಟೆ ಅವರ ತಂಡ 2013ರಲ್ಲಿ ಈ ದಾನಿಗಳ ಸಿಡಿ8 ಕೋಶಗಳು ವೈರಸ್ ಪ್ರೋಟೀನಿನ ಚೂರುಗಳಿಗೆ ಹೇಗೆ ಸ್ಪಂದಿಸುತ್ತವೆಂದು ಪರೀಕ್ಷಿಸಿತು. ತೀವ್ರ ಡೆಂಗಿಗೆ ಒಳಗಾಗುವವರಲ್ಲಿ ಹೆಚ್ಚಾಗಿ ಕಾಣುವ ಎಚ್‌ಎಲ್‌ಎ ಬಗೆಗಳಿದ್ದಲ್ಲಿ ಟಿ ಕೋಶಗಳ ಸ್ಪಂದನ ದುರ್ಬಲ. ರಕ್ಷಣೆಗೆ ಹೆಸರಾದ ಬಗೆಗಳಿದ್ದಲ್ಲಿ ಬಲವಾದ, ಬಹುಮುಖ ಸ್ಪಂದನ. ಟಿ ಕೋಶಗಳೇ ಅಪರಾಧಿಗಳಾಗಿದ್ದರೆ ಲೆಕ್ಕ ತಿರುಗುಮುರುಗಾಗಿರಬೇಕಿತ್ತು. ಥಾಯ್ಲೆಂಡ್‌ನ ಅಧ್ಯಯನ ಸುಳ್ಳೆಂದು ನಾನು ಹೇಳುತ್ತಿಲ್ಲ. ಸಡಿಲ ಹಿಡಿತದ ಕೋಶಗಳಿದ್ದವು, ನಿಜ. ಅವೇ ರೋಗವನ್ನು ಉಲ್ಬಣಿಸಿದವು ಎಂಬುದು ಅದರ ಮೇಲೆ ಕಟ್ಟಿದ ಊಹೆ.

ಈ ವಾದದ ಗೆಲುವು ಸೋಲು ಲಸಿಕೆಗೆ ತಾಗುತ್ತದೆ. ಸಿಡಿ8 ಕೋಶಗಳು ಮುಖ್ಯವಾಗಿ ಗುರುತಿಸುವುದು ಎನ್‌ಎಸ್3, ಎನ್‌ಎಸ್4ಬಿ, ಎನ್‌ಎಸ್5 ಪ್ರೋಟೀನುಗಳನ್ನು. ಡೆಂಗ್‌ವ್ಯಾಕ್ಸಿಯಾ ಲಸಿಕೆಯಲ್ಲಿ ಡೆಂಗಿಯ ಹೊರಕವಚ ಮಾತ್ರ ಇತ್ತು. ಈ ಎನ್‌ಎಸ್ ಪ್ರೋಟೀನುಗಳು ಹಳದಿ ಜ್ವರದ ವೈರಸ್‌ನವು. ಫಿಲಿಪ್ಪೀನ್ಸ್‌ನಲ್ಲಿ 2016ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಅದನ್ನು ಕೊಟ್ಟಾಯಿತು. ಹಿಂದೆ ಡೆಂಗಿ ಬರದಿದ್ದವರಿಗೆ ಅದರಿಂದ ತೀವ್ರ ರೋಗದ ಅಪಾಯ ಹೆಚ್ಚಬಹುದೆಂದು ತಯಾರಕರೇ ಒಪ್ಪಿಕೊಂಡದ್ದು 2017ರ ನವೆಂಬರ್‌ನಲ್ಲಿ. ಟಿ ಕೋಶಗಳ ಗೈರುಹಾಜರಿಯೊಂದೇ ಕಾರಣ ಎನ್ನಲಾರೆ, ಆದರೆ ಅದನ್ನು ಬದಿಗಿಟ್ಟು ಈ ಕಥೆ ಹೇಳಲೂ ಆಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಪ್ಯಾನೇಶಿಯಾ ಬಯೋಟೆಕ್ ಕಂಪನಿ ಜೊತೆಗೂಡಿ 2024ರ ಆಗಸ್ಟ್‌ನಲ್ಲಿ ರೋಹ್ಟಕ್‌ನಲ್ಲಿ ಆರಂಭಿಸಿದ ಮೂರನೇ ಹಂತದ ಪ್ರಯೋಗದ ಲಸಿಕೆ ಡೆಂಗಿಆಲ್ ಹಾಗಲ್ಲ. ಅದರಲ್ಲಿರುವುದು ದುರ್ಬಲಗೊಳಿಸಿದ ಡೆಂಗಿ ವೈರಸ್‌ಗಳೇ, ಎನ್‌ಎಸ್ ಪ್ರೋಟೀನುಗಳ ಸಮೇತ.